ಪ್ರಶ್ನೆ ಕನ್ನಡಕ್ಕೆ ಬಂತು, ಲೆಕ್ಕ ಮಾಡೋರು ಯಾರು?



ಕೇಂದ್ರ ಸರ್ಕಾರದ ನೌಕರಿ ಪರೀಕ್ಷೆ ಎಂದರೆ ಒಂದೋ ಇಂಗ್ಲಿಷು, ಇಲ್ಲವೇ ಹಿಂದಿ. ಈ ಅನ್ಯಾಯದ ವಿರುದ್ಧ ಕನ್ನಡಿಗರು ಎಷ್ಟು ವರ್ಷ ಗಂಟಲು ಹರಿದುಕೊಂಡರು! ಎಷ್ಟು ಮನವಿ, ಎಷ್ಟು ಧರಣಿ, ಎಷ್ಟು ಮೆರವಣಿಗೆ! ಆ ಕೂಗು ಪೂರಾ ವ್ಯರ್ಥವಾಗಲಿಲ್ಲ. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ ೧೩ ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ ೨೦೧೯ರಲ್ಲಿ ಕೇಂದ್ರ ಘೋಷಿಸಿತು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯನ್ನು ೨೦೨೪ರಿಂದ ಕನ್ನಡದಲ್ಲೂ ಬರೆಯಬಹುದು. ಬಾಕಿ ಉಳಿದ ಹೋರಾಟ ಬೇಕಾದಷ್ಟಿದೆ, ಅದನ್ನು ಬಿಡುವ ಮಾತಿಲ್ಲ. ಆದರೆ ಬಾಗಿಲು ಒಂದು ಗೇಣಾದರೂ ತೆರೆದಿದೆ.

ಈಗ ನಿಮ್ಮ ಬೀದಿಯ ಒಬ್ಬ ಹುಡುಗನನ್ನು ನೆನೆಸಿಕೊಳ್ಳಿ. ಎಲ್ಲ ಧರಣಿಯಲ್ಲೂ ಮುಂದೆ ನಿಂತವನು, ಬಿಸಿಲು ಮಳೆ ನೋಡದೆ ಬಾವುಟ ಹಿಡಿದವನು. ಆ ಕಾನ್‌ಸ್ಟೆಬಲ್ ಪರೀಕ್ಷೆಗೆ ಕೂತ. ೮೦ ಪ್ರಶ್ನೆಗಳಲ್ಲಿ ೨೦ ಗಣಿತದವು. ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡದಲ್ಲಿ ಪ್ರಶ್ನೆ ಮೂಡಿತು: ೮೦೦ ರೂಪಾಯಿಯ ವಸ್ತುವನ್ನು ಶೇಕಡಾ ೧೫ ರಿಯಾಯಿತಿಯಲ್ಲಿ ಮಾರಿದರೆ ಬೆಲೆ ಎಷ್ಟು? ಒಂದೊಂದು ಅಕ್ಷರವೂ ಅರ್ಥವಾಯಿತು. ಲೆಕ್ಕ ಮಾತ್ರ ಬರಲಿಲ್ಲ. ಬೆವರು ಒರೆಸಿಕೊಂಡು ಎದ್ದು ಬಂದ.

ಈ ಸೋಲಿಗೆ ಯಾರ ಪ್ರತಿಕೃತಿ ಸುಡೋಣ? ದೆಹಲಿಯದೇ? ಬೆಂಗಳೂರಿನದೇ?

ಒಮ್ಮೆ ನಮ್ಮ ಮನೆಯೊಳಗೂ ನೋಡೋಣ. ಆ ಹುಡುಗ ಸೋತದ್ದು ಪರೀಕ್ಷೆಯ ದಿನ ಅಲ್ಲ. ನಾಲ್ಕನೇ ಕ್ಲಾಸಿನಲ್ಲಿ, ಯಾರೋ ಒಬ್ಬರು "ನಿನ್ನ ತಲೆಗೆ ಲೆಕ್ಕ ಹತ್ತಲ್ಲ ಬಿಡು" ಎಂದ ದಿನವೇ ಸೋತ. ಮಗ್ಗಿ ತಪ್ಪಿದರೆ ಕಿವಿ ಹಿಂಡಿದರು. ಉತ್ತರ ತಪ್ಪಿದರೆ ಕೆಂಪು ಗೀಟು ಎಳೆದರು. ಯಾಕೆ ತಪ್ಪಿತು ಎಂದು ಯಾರೂ ಪಕ್ಕದಲ್ಲಿ ಕೂತು ಕೇಳಲಿಲ್ಲ. ಮನೆಗೆ ಬಂದರೆ ಅಪ್ಪ, "ನನಗೂ ಬರ್ತಿರಲಿಲ್ಲ ಕಣೋ" ಎಂದು ನಕ್ಕರು. ಓದು ಬರುವುದಿಲ್ಲ ಎನ್ನಲು ನಾಚುವ ನಾವು, ಲೆಕ್ಕ ಬರುವುದಿಲ್ಲ ಎಂಬುದನ್ನು ನಗುನಗುತ್ತ ಹೇಳಿಕೊಳ್ಳುತ್ತೇವೆ. ಮಗು ಅದನ್ನೂ ಕಲಿಯುತ್ತದೆ.

ಇಂಥ ನಾಡೇ ಇದು? ಕವಿರಾಜಮಾರ್ಗ ಹುಟ್ಟಿದ್ದು ನೃಪತುಂಗನ ಆಸ್ಥಾನದಲ್ಲಿ ಎಂದು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಅದೇ ಒಂಬತ್ತನೆಯ ಶತಮಾನದಲ್ಲಿ, ಅದೇ ದೊರೆಯ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಸಂಗೀತಕ್ಕೆ, ನಾಟಕಕ್ಕೆ, ಅಡುಗೆಗೆ, ವೈದ್ಯಕ್ಕೆ, ಮನೆ ಕಟ್ಟುವುದಕ್ಕೆ, ಕಡೆಗೆ ಪ್ರೇಮಕ್ಕೂ ಲೆಕ್ಕ ಬೇಕು ಎಂದ ಮಹಾನುಭಾವ ಆತ! ಅದು ಸಂಸ್ಕೃತದ ಗ್ರಂಥ. ಹನ್ನೆರಡನೆಯ ಶತಮಾನದ ಹೊತ್ತಿಗೆ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ಗಣಿತ ಕನ್ನಡಕ್ಕೆ ಒಗ್ಗುವುದಿಲ್ಲ ಎನ್ನುವವರ ಮುಂದೆ ಈ ಎರಡು ಹೆಸರು ಇಡಿ. ಆದರೆ ನೆನಪಿರಲಿ, ಹಿರಿಯರ ಹೆಸರು ಹೇಳಿ ಎದೆ ತಟ್ಟಿಕೊಂಡ ಮಾತ್ರಕ್ಕೆ ಶೇಕಡಾ ಲೆಕ್ಕ ಬಿಡಿಸಿದಂತಾಗುವುದಿಲ್ಲ.

ನಮ್ಮ ನುಡಿಯಲ್ಲೇ ಲೆಕ್ಕ ಅಡಗಿದೆ. ಮೂವತ್ತು ಅಂದರೆ ಮೂರು ಹತ್ತು. ಐವತ್ತು ಅಂದರೆ ಐದು ಹತ್ತು. ಮೂವತ್ತೇಳು ಅಂದರೆ ಮೂರು ಹತ್ತು, ಮೇಲೆ ಏಳು. ಹೆಸರು ಹೇಳಿದರೆ ಸಾಕು, ಸಂಖ್ಯೆ ತಾನೇ ಬಿಡಿಸಿಕೊಳ್ಳುತ್ತದೆ. ಹಿಂದಿಯಲ್ಲಿ ನೂರರವರೆಗಿನ ಹೆಸರುಗಳನ್ನು ಹೆಚ್ಚುಕಡಿಮೆ ಒಂದೊಂದಾಗಿ ಉರು ಹೊಡೆಯಬೇಕು. ಇಂಥ ಸಲೀಸಾದ ಎಣಿಕೆ ಕೈಯಲ್ಲಿದ್ದೂ ನಾವೇನು ಮಾಡಿದ್ದೇವೆ? ತರಕಾರಿ ಗಾಡಿಯ ಮುಂದೆ ಅಮ್ಮ "ಮೂವತ್ತೇಳು ರೂಪಾಯಿ ಕೊಡು" ಎಂದರೆ ಮಗ "ಹಾಗಂದ್ರೆ ಥರ್ಟಿ ಸೆವೆನ್ನಾ?" ಎಂದು ಕೇಳುತ್ತಾನೆ. ಅಮ್ಮ ಹೌದು ಎನ್ನುತ್ತಾಳೆ, ಅದರಲ್ಲೂ ಹೆಮ್ಮೆಯಿಂದ! ಮನೆಯ ಎಣಿಕೆ ಒಂದು, ಶಾಲೆಯ ಎಣಿಕೆ ಇನ್ನೊಂದು. ಎರಡರ ನಡುವೆ ಮಗುವಿನ ಲೆಕ್ಕ ತಬ್ಬಲಿ.

ಹಾಗಾದರೆ ರುಚಿ ಹತ್ತಿಸುವುದು ಹೇಗೆ? ದುಡ್ಡು ಬೇಡ, ದೊಡ್ಡ ಡಿಗ್ರಿ ಬೇಡ. ಮನೆ ಬಾಗಿಲಲ್ಲೇ ಶುರು ಮಾಡಿ. ಅಕ್ಕ ಇಡುವ ಸಂದು ಚುಕ್ಕಿ ರಂಗೋಲಿ ತೆಗೆದುಕೊಳ್ಳಿ. ನಡುವಿನ ಸಾಲಿನಲ್ಲಿ ೭ ಚುಕ್ಕಿ. ಅದರ ಮೇಲೂ ಕೆಳಗೂ ೬, ಆಮೇಲೆ ೫, ಹೀಗೆ ೧ರವರೆಗೆ. ಒಟ್ಟು ಎಷ್ಟು ಚುಕ್ಕಿ? ಮಕ್ಕಳು ಒಂದೊಂದಾಗಿ ಎಣಿಸಲಿ, ಅವಸರ ಬೇಡ. ೪೯ ಬರುತ್ತದೆ. ಅಂದರೆ ಏಳೇಳು! ಇದು ಹೇಗಾಯಿತು ಎಂದು ಕೇಳಿ. ಅದೇ ರಂಗೋಲಿಯನ್ನು ಓರೆಯಾಗಿ ನೋಡಲು ಹೇಳಿ. ಏಳು ಓರೆ ಸಾಲು, ಸಾಲಿಗೆ ಏಳು ಚುಕ್ಕಿ. ನೋಡಿದ ಮಗು ತಾನೇ ಹೇಳುತ್ತದೆ: ನಡುವೆ ೧೦ ಇಟ್ಟರೆ ೧೦೦! ಆ ಕ್ಷಣದಲ್ಲಿ ಅದರ ಮುಖ ನೋಡಿ. ಅದೇ ಗಣಿತದ ರುಚಿ.

ಲ.ಸಾ.ಅ. ಎಂದರೆ ಲಘುತಮ ಸಾಮಾನ್ಯ ಅಪವರ್ತ್ಯ. ಹೆಸರು ಕೇಳಿಯೇ ಮಗು ಓಡುತ್ತದೆ. ಹೆಸರನ್ನು ಪಕ್ಕಕ್ಕಿಡಿ. ಜಯನಗರಕ್ಕೆ ೧೨ ನಿಮಿಷಕ್ಕೊಂದು ಬಸ್ಸು, ಮಲ್ಲೇಶ್ವರಕ್ಕೆ ೧೮ ನಿಮಿಷಕ್ಕೊಂದು ಎಂದಿಟ್ಟುಕೊಳ್ಳಿ. ಬೆಳಗ್ಗೆ ೬ ಗಂಟೆಗೆ ಎರಡೂ ಒಟ್ಟಿಗೆ ಮೆಜೆಸ್ಟಿಕ್ ಬಿಟ್ಟವು. ಮತ್ತೆ ಒಟ್ಟಿಗೆ ಹೊರಡುವುದು ಯಾವಾಗ? ಬೆರಳು ಮಡಿಚಿ ಎಣಿಸಿದ ಮಗುವೂ ೬ ಗಂಟೆ ೩೬ ನಿಮಿಷ ಎನ್ನುತ್ತದೆ. "ನೀನೀಗ ಮಾಡಿದ್ದೇ ಲ.ಸಾ.ಅ." ಎಂದು ಆಮೇಲೆ ಹೇಳಿ. ಮೊದಲು ಸಂಗತಿ, ಆಮೇಲೆ ಹೆಸರು.

ಇನ್ನೊಂದು ಆಟ. ಇದನ್ನು ೧೯೪೯ರಲ್ಲಿ ಕಂಡುಕೊಂಡವರು ಮಹಾರಾಷ್ಟ್ರದ ದೇವಳಾಲಿಯ ಶಾಲಾ ಮೇಷ್ಟ್ರು ಡಿ.ಆರ್. ಕಾಪ್ರೇಕರ್. ನಾಲ್ಕು ಅಂಕಿಯ ಒಂದು ಸಂಖ್ಯೆ ಬರೆಯಿರಿ. ನಾಲ್ಕೂ ಒಂದೇ ಅಂಕಿ ಆಗಿರಬಾರದು, ಅಷ್ಟೇ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಿರಿ. ಬಂದದ್ದಕ್ಕೂ ಹಾಗೇ ಮಾಡುತ್ತ ಹೋಗಿ. ಏಕೀಕರಣದ ವರ್ಷ ೧೯೫೬ ಹಿಡಿಯೋಣ:

೯೬೫೧ − ೧೫೬೯ = ೮೦೮೨
೮೮೨೦ − ೦೨೮೮ = ೮೫೩೨
೮೫೩೨ − ೨೩೫೮ = ೬೧೭೪

ನಾಡಿಗೆ ಕರ್ನಾಟಕ ಎಂದು ಹೆಸರಾದ ವರ್ಷ ೧೯೭೩ ಹಿಡಿಯಿರಿ. ಎರಡೇ ಹೆಜ್ಜೆಗೆ ಅದೇ ೬೧೭೪! ನಿಮ್ಮ ಹುಟ್ಟಿದ ವರ್ಷ ಹಿಡಿಯಿರಿ, ಮನೆಯ ಗಾಡಿಯ ನಂಬರು ಹಿಡಿಯಿರಿ. ಏಳು ಹೆಜ್ಜೆ ದಾಟುವುದರೊಳಗೆ ೬೧೭೪ ಬಂದೇ ಬರುತ್ತದೆ. ಹತ್ತು ಕಳೆಯುವ ಲೆಕ್ಕ ಕೊಟ್ಟರೆ ಆಕಳಿಸುವ ಮಗು, ಈ ಆಟದಲ್ಲಿ ಮೂವತ್ತು ಸಲ ಕಳೆಯುತ್ತದೆ, ಇನ್ನೊಂದು ಸಂಖ್ಯೆ ಕೊಡಿ ಎನ್ನುತ್ತದೆ. ಇದನ್ನು ಕಂಡುಹಿಡಿದದ್ದು ದೊಡ್ಡ ವಿಶ್ವವಿದ್ಯಾಲಯವಲ್ಲ, ಅಂಕಿಗಳ ಹುಚ್ಚು ಹಚ್ಚಿಕೊಂಡ ಒಬ್ಬ ಮೇಷ್ಟ್ರು ಎಂಬುದನ್ನೂ ಮಕ್ಕಳಿಗೆ ಹೇಳಿ.

ಒಂದು ಎಚ್ಚರಿಕೆ. ಮಿಂಚಿನ ವೇಗದಲ್ಲಿ ಗುಣಿಸುವುದೇ ಗಣಿತ ಎಂದು ಸಾವಿರಾರು ರೂಪಾಯಿ ಕೀಳುವ ಕ್ಲಾಸುಗಳು ಬೀದಿಗೊಂದಿವೆ. ವೇಗ ಬಂದರೆ ಸಂತೋಷ, ಬರದಿದ್ದರೆ ನಷ್ಟವಿಲ್ಲ. ಉತ್ತರ ಎಷ್ಟು ಎನ್ನುವುದಕ್ಕಿಂತ "ಹೇಗೆ ಮಾಡಿದೆ?" ಎಂದು ಕೇಳಿ. ೧೮ ರೂಪಾಯಿಯ ಐದು ಪೆನ್ನಿಗೆ ಎಷ್ಟು? ಒಬ್ಬಳು ಇಪ್ಪತ್ತೈದ್ಲ ನೂರು, ಅದರಲ್ಲಿ ಹತ್ತು ಕಳೆದೆ ಎನ್ನುತ್ತಾಳೆ. ಇನ್ನೊಬ್ಬ ಹತ್ತು ಪೆನ್ನಿಗೆ ೧೮೦, ಅದರ ಅರ್ಧ ಎನ್ನುತ್ತಾನೆ. ಇಬ್ಬರೂ ಸರಿ. ದಾರಿ ಎರಡು, ಊರು ಒಂದೇ. ತಪ್ಪು ಮಾಡಿದ ಮಗುವನ್ನೂ ಹೇಗೆ ಮಾಡಿದೆ ಎಂದೇ ಕೇಳಿ. ಹೇಳುತ್ತ ಹೇಳುತ್ತ ತಪ್ಪನ್ನು ಅದೇ ಹಿಡಿಯುತ್ತದೆ. ಹೀಗೆ ವಿವರಿಸಿ ಹೇಳಲು ಮಗುವಿಗೆ ಮನೆಮಾತು ಬೇಕು. ಕನ್ನಡದಲ್ಲಿ ಲೆಕ್ಕ ಕಲಿಸಬೇಕು ಎಂದು ನಾವು ಹಟ ಹಿಡಿಯುವುದು ಇದಕ್ಕೇ. ಬರಿಯ ಅಭಿಮಾನಕ್ಕಲ್ಲ.

ಈಗ ನಿಮ್ಮ ಸರದಿ. ನವೆಂಬರ್ ಬಂದರೆ ಬೀದಿಬೀದಿಯಲ್ಲಿ ಪೆಂಡಾಲು, ಧ್ವಜ, ಆರ್ಕೆಸ್ಟ್ರಾ. ಇರಲಿ, ಹಬ್ಬ ಬೇಕು. ಆದರೆ ಈ ಸಲ ಅದೇ ಪೆಂಡಾಲಿನ ಮೂಲೆಯಲ್ಲಿ ಒಂದು ಮೇಜು ಹಾಕಿ. ಚೌಕಾಬಾರದ ಕವಡೆ, ಅಳಗುಳಿ ಮಣೆ, ರಂಗೋಲಿ ಪುಡಿ, ಒಂದು ಕಪ್ಪು ಹಲಗೆ ಇಡಿ. ಹಲಗೆಯ ಮೇಲೆ ಕನ್ನಡದ ಅಂಕಿಯಲ್ಲಿ ೬೧೭೪ ಎಂದು ಬರೆದು ಸುಮ್ಮನೆ ನಿಲ್ಲಿ. ಮಕ್ಕಳು ತಾವೇ ಬಂದು ಇದೇನು ಎಂದು ಕೇಳುತ್ತಾರೆ. ಹಬ್ಬ ಮುಗಿದ ಮೇಲೆ ಮೇಜು ಎತ್ತಿಡಬೇಡಿ. ಪ್ರತಿ ಭಾನುವಾರ ಒಂದು ಗಂಟೆ, ನಾಲ್ಕು ಮಕ್ಕಳು. ಗಾರೆ ಕೆಲಸದವರ ಮಕ್ಕಳು, ಆಟೋ ಓಡಿಸುವವರ ಮಕ್ಕಳು, ಟ್ಯೂಷನ್ನಿಗೆ ದುಡ್ಡಿಲ್ಲದ ಮಕ್ಕಳು ಮೊದಲು ಬರಲಿ. ನನಗೇ ಲೆಕ್ಕ ಬರುವುದಿಲ್ಲವಲ್ಲ ಎನ್ನುವಿರಾ? ಮಕ್ಕಳ ಜೊತೆ ಕೂತು ನೀವೂ ಕಲಿಯಿರಿ. ನಾಚಿಕೆ ಯಾಕೆ?

ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಕೊಡಿ ಎಂದು ಸರ್ಕಾರವನ್ನು ಕೇಳಬಹುದು, ಕೇಳಲೇಬೇಕು. ಉತ್ತರವನ್ನು ಮಾತ್ರ ಯಾವ ಸರ್ಕಾರವೂ ಕೊಡುವುದಿಲ್ಲ. ಅದನ್ನು ನಮ್ಮ ಮಕ್ಕಳೇ ಬರೆಯಬೇಕು. ಹತ್ತು ವರ್ಷದ ನಂತರ ಪರೀಕ್ಷೆಗೆ ಕೂರುವ ಹುಡುಗಿ ಇವತ್ತು ನಿಮ್ಮ ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಾಳೆ. ಬರುವ ಭಾನುವಾರ ಅವಳನ್ನು ಕರೆದು ಕೇಳಿ: ಪುಟ್ಟೀ, ಈ ರಂಗೋಲಿಯಲ್ಲಿ ಎಷ್ಟು ಚುಕ್ಕಿ ಇವೆ, ಹೇಳ್ತೀಯಾ?