ತಪಾಸಣೆಯ ಮರುದಿನ

ಹಳೆಯ ತಲೆಮಾರಿನವರಿಗೆ ಶಾಲಾ ಇನ್ಸ್‌ಪೆಕ್ಟರರ ಭೇಟಿಯ ದಿನ ನೆನಪಿರಬಹುದು. ಹಿಂದಿನ ಸಂಜೆಯೇ ಗೋಡೆಗೆ ಸುಣ್ಣ, ಅಂಗಳಕ್ಕೆ ಸಾರಣೆ, ಬಾಗಿಲಿಗೆ ಮಾವಿನ ತೋರಣ. ಚುರುಕಾದ ನಾಲ್ವರು ಹುಡುಗರು ಮುಂದಿನ ಸಾಲಿಗೆ ಬಂದು ಕೂರುತ್ತಿದ್ದರು. ಮಗ್ಗಿ ಬಾರದವನು ಅಂದು ಶಾಲೆಗೆ ಬಾರದಿದ್ದರೂ ನಡೆದೀತೆಂಬ ಸೂಚನೆ ಅವನ ಮನೆಗೆ ಹೇಗೋ ತಲುಪುತ್ತಿತ್ತು. ಸಾಹೇಬರು ತೃಪ್ತರಾಗಿ ಷರಾ ಬರೆದು ಹೊರಟರೆ ಮರುದಿನದಿಂದ ಶಾಲೆ ಎಂದಿನಂತೆ. ಆ ನಾಟಕದಿಂದ ಮಕ್ಕಳ ಕಲಿಕೆಗೆ ನಷ್ಟವಾಗಿರಬಹುದು, ಪ್ರಾಣಕ್ಕೆ ಆಗುತ್ತಿರಲಿಲ್ಲ. ಅದೇ ನಾಟಕವನ್ನು ನಮ್ಮ ನಗರದ ಬಹುಮಹಡಿ ವಾಣಿಜ್ಯ ಕಟ್ಟಡಗಳಲ್ಲಿ ಆಡಿದಾಗ ಲೆಕ್ಕ ಬೇರೆಯಾಗುತ್ತದೆ.

ಅಗ್ನಿ ಸುರಕ್ಷತೆಯ ತಪಾಸಣೆಗೆ ದಿನಾಂಕ ನಿಗದಿಯಾದೊಡನೆ ಇಂಥ ಕಟ್ಟಡಗಳಲ್ಲಿ ಏನೇನು ನಡೆಯುತ್ತದೆಂಬುದು ಅಲ್ಲಿ ದುಡಿಯುವವರಿಗೆಲ್ಲ ಗೊತ್ತು. ಮೆಟ್ಟಿಲ ಮೂಲೆಗಳಲ್ಲಿ ವರ್ಷವಿಡೀ ಪೇರಿಸಿಟ್ಟಿದ್ದ ರಟ್ಟಿನ ಪೆಟ್ಟಿಗೆಗಳು, ಮುರಿದ ಕುರ್ಚಿಗಳು ಎರಡು ದಿನದ ಮಟ್ಟಿಗೆ ಬೇರೆಲ್ಲಿಗೋ ವಲಸೆ ಹೋಗುತ್ತವೆ. ತುರ್ತು ನಿರ್ಗಮನದ ಬಾಗಿಲಿನ ಬೀಗ ಮಾಯವಾಗುತ್ತದೆ. ಅವಧಿ ಮೀರಿದ ಅಗ್ನಿನಂದಕಗಳಿಗೆ ಹೊಸ ಚೀಟಿ ಬೀಳುತ್ತದೆ. ಕಿರಿಕಿರಿ ಎಂದು ಬಾಯಿ ಕಟ್ಟಿಸಿದ್ದ ಎಚ್ಚರಿಕೆ ಗಂಟೆಗೆ ಮತ್ತೆ ಜೀವ ಬರುತ್ತದೆ. ತಪಾಸಣಾಧಿಕಾರಿಗಳ ವಾಹನ ಗೇಟು ದಾಟಿದ ಮೇಲೆ ಪೆಟ್ಟಿಗೆಗಳು ತಮ್ಮ ತಮ್ಮ ಜಾಗಕ್ಕೆ ಮರಳುತ್ತವೆ. ಪ್ರಮಾಣಪತ್ರ ಸಿಕ್ಕಿದ್ದು ಒಂದು ಕಟ್ಟಡಕ್ಕೆ, ಜನ ಕೆಲಸ ಮಾಡುವುದು ಇನ್ನೊಂದರಲ್ಲಿ.

ಬೆಂಗಳೂರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 2010ರ ಫೆಬ್ರವರಿ 23ರ ಮಧ್ಯಾಹ್ನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿ ಸತ್ತರು. ಅವರನ್ನು ಕೊಂದದ್ದು ಜ್ವಾಲೆ ಅನ್ನುವುದಕ್ಕಿಂತ ಹೊಗೆ ಅನ್ನುವುದೇ ಸರಿ. ವಿದ್ಯುತ್ ತಂತಿಗಳ ಕೊಳವೆಮಾರ್ಗದಲ್ಲಿ ಹುಟ್ಟಿದ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಮೆಟ್ಟಿಲಿಳಿಯಲಾರದ ನೌಕರರು ಉಸಿರಿಗಾಗಿ ಕಿಟಕಿಯ ಗಾಜು ಒಡೆದರು, ಕೆಲವರು ಅಲ್ಲಿಂದಲೇ ಧುಮುಕಿದರು. ಕೆಳಗೆ ರಸ್ತೆಯಲ್ಲಿ ನಿಂತ ಜನ ಅಸಹಾಯಕರಾಗಿ ನೋಡಿದ ಆ ದೃಶ್ಯಗಳನ್ನು ಸುದ್ದಿವಾಹಿನಿಗಳು ಮನೆಮನೆಗೆ ಮುಟ್ಟಿಸಿದವು. ಹೊರಹೋಗುವ ದಾರಿಗಳು ಬಂದ್ ಆಗಿದ್ದವೆಂಬ ದೂರು ಅಂದು ವ್ಯಾಪಕವಾಗಿ ಕೇಳಿಬಂತು.

ಕಟ್ಟಡವೊಂದರ ಯಾವ ಭಾಗ ಪರೀಕ್ಷೆಗೆ ಒಳಗಾಗಬೇಕು ಎಂಬುದಕ್ಕೆ ಆ ಕೊಳವೆಮಾರ್ಗಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಬಹುಮಹಡಿ ಕಟ್ಟಡದಲ್ಲಿ ವಿದ್ಯುತ್ ತಂತಿ, ದೂರವಾಣಿ ತಂತಿ, ನೀರಿನ ಕೊಳವೆಗಳು ನೆಲಮಟ್ಟದಿಂದ ತಾರಸಿಯವರೆಗೆ ಲಂಬವಾದ ಒಂದು ಪೊಳ್ಳು ದಾರಿಯಲ್ಲಿ ಏರುತ್ತವೆ. ಆ ಪೊಳ್ಳನ್ನು ಪ್ರತಿ ಮಹಡಿಯ ಮಟ್ಟದಲ್ಲೂ ಬೆಂಕಿ ನಿರೋಧಕ ವಸ್ತುವಿನಿಂದ ಮುಚ್ಚಬೇಕೆಂಬುದು ನಿಯಮ. ಮುಚ್ಚದಿದ್ದರೆ ಅದು ಹೊಗೆಗೊಡೆಯೇ ಸರಿ: ಕೆಳಗಿನ ಕಿಡಿಯ ಹೊಗೆಯನ್ನು ಬಿಸಿಗಾಳಿ ತಾನಾಗಿ ಮೇಲಕ್ಕೆಳೆದುಕೊಳ್ಳುತ್ತದೆ. ಕಟ್ಟಡ ಹೊಸದಾಗಿದ್ದಾಗ ಬಹುಶಃ ಎಲ್ಲವೂ ಮುಚ್ಚಿಯೇ ಇರುತ್ತದೆ. ಆಮೇಲೆ ನಾಲ್ಕನೆಯ ಮಹಡಿಗೆ ಹೊಸ ಬಾಡಿಗೆದಾರರು ಬರುತ್ತಾರೆ, ಅವರಿಗೆ ಅಂತರ್ಜಾಲದ ಹೊಸ ತಂತಿ ಬೇಕು. ತಂತಿ ಎಳೆಯುವ ಹುಡುಗ ಮುಚ್ಚಳದಲ್ಲಿ ರಂಧ್ರ ಕೊರೆದು ತನ್ನ ಕೆಲಸ ಮುಗಿಸಿ ಹೋಗುತ್ತಾನೆ. ರಂಧ್ರ ಮುಚ್ಚುವುದು ಅವನ ಕೆಲಸವಲ್ಲ. ಹತ್ತು ವರ್ಷದಲ್ಲಿ ಹತ್ತು ತಂತಿ, ಹತ್ತು ರಂಧ್ರ. ಪ್ರವೇಶದ ಹಜಾರದಲ್ಲಿ ಥಳಥಳಿಸುವ ಕೆಂಪು ಸಿಲಿಂಡರುಗಳನ್ನು ನೋಡಿ ತೃಪ್ತರಾದವರಿಗೆ ಈ ರಂಧ್ರಗಳು ಕಾಣುವುದಿಲ್ಲ. ಅವು ಕಾಣಬೇಕಾದರೆ ಯಾರಾದರೂ ಪ್ರತಿ ಮಹಡಿಯಲ್ಲೂ ಆ ಕಿರುಬಾಗಿಲು ತೆರೆದು, ಟಾರ್ಚು ಹಿಡಿದು ಒಳಗೆ ಇಣುಕಬೇಕು.

ತಪಾಸಣೆಗೆ ಸಿದ್ಧತೆ ಎಂದರೆ ಮೊದಲನೆಯದಾಗಿ ಈ ಇಣುಕುವ ಕೆಲಸ, ಗುಡಿಸಿ ಸಾರಿಸುವುದು ಆಮೇಲಿನದು. ಅಧಿಕಾರಿಗಳು ಬರುವ ಒಂದೆರಡು ತಿಂಗಳ ಮುಂಚೆ ಮಾಲೀಕರು, ನಿರ್ವಹಣಾಧಿಕಾರಿ, ವಿದ್ಯುತ್ ಕೆಲಸದವರು ಕೂಡಿ ಕಟ್ಟಡವನ್ನು ಅಪರಿಚಿತರಂತೆ ನಡೆದು ನೋಡಬೇಕು. ನಮ್ಮ ಸಲಹೆ ಕೇಳುವುದಾದರೆ, ಸಂಜೆ ಆರರ ನಂತರ, ದೀಪ ಆರಿಸಿ, ಮೇಲಿನ ಮಹಡಿಯಿಂದ ಮೆಟ್ಟಿಲ ಮೂಲಕವೇ ಇಳಿಯುವುದು ಲೇಸು. ತುರ್ತು ದೀಪಗಳು ಹತ್ತಿಕೊಳ್ಳುತ್ತವೆಯೇ, ಮೆಟ್ಟಿಲ ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳುತ್ತವೆಯೇ ಅಥವಾ ಗಾಳಿ ಬರಲೆಂದು ಯಾರೋ ಇಟ್ಟ ಇಟ್ಟಿಗೆಯ ಆಸರೆಯಲ್ಲಿ ಸದಾ ತೆರೆದು ನಿಂತಿವೆಯೇ, ಗುರುತುಚೀಟಿ ತೋರಿಸಿದರೆ ಮಾತ್ರ ತೆರೆಯುವ ವಿದ್ಯುತ್ಕಾಂತೀಯ ಬೀಗಗಳು ಎಚ್ಚರಿಕೆ ಗಂಟೆ ಬಾರಿಸಿದೊಡನೆ ಸಡಿಲಗೊಳ್ಳುತ್ತವೆಯೇ ಎಂಬುದೆಲ್ಲ ಆಗ ಗೊತ್ತಾಗುತ್ತದೆ. ಕೊನೆಯ ಪ್ರಶ್ನೆ ಈ ನಗರಕ್ಕೆ ವಿಶೇಷವಾಗಿ ಸಲ್ಲುವಂಥದು. ಕಳ್ಳತನದ ಭಯಕ್ಕೆ ಹಾಕಿದ ಬೀಗ ಬೆಂಕಿಯ ದಿನ ಒಳಗಿರುವವರಿಗೆ ವಿರುದ್ಧವಾಗಿ ಕೆಲಸ ಮಾಡಬಲ್ಲದೆಂಬುದನ್ನು ಮಾಹಿತಿ ತಂತ್ರಜ್ಞಾನದ ಕಚೇರಿಗಳೂ ಎಷ್ಟೋ ಸಲ ಮರೆಯುತ್ತವೆ.

ನೆಲಮಾಳಿಗೆಯ ಪಂಪಿನ ಕೋಣೆಯದು ಬೇರೆಯೇ ಕಥೆ. ವಿದ್ಯುತ್ ಹೋದಾಗ ನೀರೆತ್ತಬೇಕಾದ ಡೀಸೆಲ್ ಪಂಪಿನ ಬ್ಯಾಟರಿ ಸತ್ತಿರುವುದು, ಎಲ್ಲೋ ಸೋರುತ್ತದೆಂದು ಸ್ವಯಂಚಾಲಿತ ಸ್ವಿಚ್ಚನ್ನು ಕೈಚಾಲನೆಗೆ ತಿರುಗಿಸಿ ಮರೆತಿರುವುದು, ಇವು ಅಪರೂಪದ ಸಂಗತಿಗಳಲ್ಲ. ಅಗ್ನಿಶಾಮಕಕ್ಕೆಂದೇ ಮೀಸಲಾದ ತೊಟ್ಟಿಯಲ್ಲಿ ನೀರಿದೆಯೇ ಎಂಬ ಪ್ರಶ್ನೆಯೂ ಸಣ್ಣದಲ್ಲ. 2024ರ ಬೇಸಿಗೆಯಲ್ಲಿ ಈ ನಗರ ಟ್ಯಾಂಕರಿನ ಹಿಂದೆ ಓಡಿದ್ದನ್ನು ಕಂಡವರು ಆ ಮೀಸಲು ನೀರಿನ ಮೇಲೆ ಯಾರ ಕಣ್ಣೂ ಬೀಳಲಿಲ್ಲವೆಂದು ಆಣೆಯಿಟ್ಟು ಹೇಳಲಾರರು.

ತಪಾಸಣೆಯಲ್ಲಿ ಲೋಪ ಪತ್ತೆಯಾದರೆ ಸಾಕು, ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆಯೂ ನಮ್ಮಲ್ಲಿದೆ. ದೇಶದ ಎರಡು ದೊಡ್ಡ ದುರಂತಗಳು ಆ ನಂಬಿಕೆಗೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತವೆ. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಪ್ರೇಕ್ಷಕರು ಉಸಿರುಗಟ್ಟಿ ಸತ್ತರು. ನೆಲಮಟ್ಟದಲ್ಲಿದ್ದ ಟ್ರಾನ್ಸ್‌ಫಾರ್ಮರಿನಿಂದ ಹೊಗೆ ಎದ್ದಿತು. ಬಾಲ್ಕನಿಯಲ್ಲಿ ಹೆಚ್ಚುವರಿ ಆಸನಗಳಿಗಾಗಿ ಹೊರಹೋಗುವ ದಾರಿಯನ್ನು ಬಲಿಗೊಟ್ಟಿದ್ದರು. ಆ ಚಿತ್ರಮಂದಿರದ ಸುರಕ್ಷತಾ ಲೋಪಗಳು 1983ರಲ್ಲೇ ತಪಾಸಣೆಯಲ್ಲಿ ಕಂಡುಬಂದು ಪರವಾನಗಿ ಅಮಾನತಾಗಿತ್ತು. ನ್ಯಾಯಾಲಯದ ತಡೆಯಾಜ್ಞೆ ಬಂತು, ಪ್ರದರ್ಶನಗಳು ಮುಂದುವರಿದವು. ಇನ್ನು ಕೋಲ್ಕತ್ತದ ಆಮ್ರಿ ಆಸ್ಪತ್ರೆ. 2011ರ ಡಿಸೆಂಬರ್ 9ರ ನಸುಕಿನಲ್ಲಿ ಅಲ್ಲಿ ತೊಂಬತ್ತರ ಆಸುಪಾಸು ಮಂದಿ ಸತ್ತರು, ಬಹುತೇಕರು ಹಾಸಿಗೆ ಬಿಟ್ಟೇಳಲಾರದ ರೋಗಿಗಳು. ವಾಹನ ನಿಲುಗಡೆಗೆಂದು ಅನುಮತಿ ಪಡೆದ ನೆಲಮಾಳಿಗೆ ಉಗ್ರಾಣವಾಗಿತ್ತು. ಅದನ್ನು ತೆರವುಗೊಳಿಸುವುದಾಗಿ ಕೆಲವೇ ತಿಂಗಳ ಹಿಂದೆ ಆಡಳಿತ ಮಂಡಳಿ ಅಗ್ನಿಶಾಮಕ ಇಲಾಖೆಗೆ ಮುಚ್ಚಳಿಕೆ ಬರೆದುಕೊಟ್ಟಿತ್ತು. ಎರಡೂ ಕಡೆ ತಪಾಸಣೆ ನಡೆದಿತ್ತು, ಲೋಪವೂ ಪತ್ತೆಯಾಗಿತ್ತು. ಮುಚ್ಚಳಿಕೆಯನ್ನು ಕೈಯಲ್ಲಿ ಹಿಡಿದು ಮತ್ತೊಮ್ಮೆ ಬಾಗಿಲು ತಟ್ಟುವವರು ಇರಲಿಲ್ಲ.

ಕಟ್ಟಡ ಮಾಲೀಕರ ಅಳಲನ್ನೂ ಇಲ್ಲಿ ಕೇಳಬೇಕು, ಅದರಲ್ಲಿ ಹುರುಳಿಲ್ಲದಿಲ್ಲ. ಬೆಂಕಿಗೆ ಒಂದು ಇಲಾಖೆ, ಲಿಫ್ಟಿಗೆ ವಿದ್ಯುತ್ ಪರಿವೀಕ್ಷಣಾಲಯ, ನಕ್ಷೆಗೆ ಪಾಲಿಕೆ. ಒಬ್ಬರ ಷರಾ ಇನ್ನೊಬ್ಬರಿಗೆ ತಿಳಿಯದು. ನಲವತ್ತು ವರ್ಷದ ಹಿಂದೆ ಒಂದೇ ಮೆಟ್ಟಿಲಿಟ್ಟು ಕಟ್ಟಿದ ಕಟ್ಟಡಕ್ಕೆ ಇಂದು ಎರಡನೆಯದನ್ನು ಎಲ್ಲಿ ತುರುಕುವುದು? ತನ್ನ ಲೋಪವನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡವನಿಗೆ ನೋಟಿಸು ಬರುತ್ತದೆ, ಮುಚ್ಚಿಟ್ಟವನಿಗೆ ಪ್ರಮಾಣಪತ್ರ ಬರುತ್ತದೆ. ಹಾಗಿರುವಾಗ ಯಾರು ತಾನೇ ಒಪ್ಪಿಕೊಂಡಾರು? ಲಂಚದ ಮಾತನ್ನು ಅವರು ಬಾಯಿಬಿಟ್ಟು ಆಡುವುದಿಲ್ಲ, ಆಡಬೇಕಾದ ಅಗತ್ಯವೂ ಇಲ್ಲ. ಇತ್ತ ಖಾಸಗಿ ತಜ್ಞರನ್ನು ಕರೆಸಿ ಮುಂಚಿತವಾಗಿ ಸುರಕ್ಷತಾ ಪರಿಶೋಧನೆ ಮಾಡಿಸುವ ಪದ್ಧತಿಯೂ ಇದೆ. ಅದು ಸ್ವಾಗತಾರ್ಹವೇ. ಆದರೆ ಶುಲ್ಕ ಕೊಡುವವರು ಮಾಲೀಕರೇ ಆದಾಗ ವರದಿಯ ಭಾಷೆ ಎಷ್ಟು ಮೃದುವಾಗುತ್ತದೆಂಬುದನ್ನು ಲೆಕ್ಕಪರಿಶೋಧನೆಯ ಹಗರಣಗಳನ್ನು ಕಂಡ ಓದುಗರು ಊಹಿಸಬಲ್ಲರು.

ಆದ್ದರಿಂದ ತಾನಾಗಿ ಪಟ್ಟಿ ಮಾಡಿ ಮುಂದಿಟ್ಟ ಲೋಪಕ್ಕೂ ಮುಚ್ಚಿಟ್ಟು ಸಿಕ್ಕಿಬಿದ್ದ ಲೋಪಕ್ಕೂ ಕಾನೂನು ವ್ಯತ್ಯಾಸ ಮಾಡುವುದು ನ್ಯಾಯವೆಂದು ನಮಗೆ ತೋರುತ್ತದೆ. ಮೊದಲನೆಯದಕ್ಕೆ ಕಾಲಾವಕಾಶ ಕೊಡಲಿ, ಎರಡನೆಯದಕ್ಕೆ ದಂಡ ಬಿಗಿಯಾಗಿರಲಿ. ಕಾಲಾವಕಾಶ ಎಂದಾಗ ಆಮ್ರಿಯ ನೆಲಮಾಳಿಗೆ ಕಣ್ಣಮುಂದೆ ಬರುತ್ತದೆ, ನಿಜ. ಅವಧಿ ಮುಗಿದ ದಿನವೇ ಅಧಿಕಾರಿ ಹೇಳದೆ ಕೇಳದೆ ಮರಳಿ ಬರುವ ವ್ಯವಸ್ಥೆ ಇದ್ದರಷ್ಟೇ ಅಂಥ ವಿನಾಯಿತಿಗೆ ಅರ್ಥ. ಮೊದಲ ಭೇಟಿಗೆ ದಿನ ಹೇಳಿ ಬರಲಿ, ಪಂಪು ಚಾಲೂ ಮಾಡಿ ತೋರಿಸಲು, ದಾಖಲೆ ತೆಗೆದಿಡಲು ಅದು ಅಗತ್ಯ. ಎರಡನೆಯದಕ್ಕೆ ಹೇಳಬೇಕಾಗಿಲ್ಲ. ಇದಕ್ಕೆ ಸಿಬ್ಬಂದಿ ಸಾಲದೆಂಬ ಉತ್ತರ ಬರುವುದು ಖಂಡಿತ. 2023ರ ಅಕ್ಟೋಬರಿನಲ್ಲಿ ಕೋರಮಂಗಲದ ಕಟ್ಟಡವೊಂದರ ಮೇಲ್ಛಾವಣಿಯ ಕೆಫೆಗೆ ಬೆಂಕಿ ಬಿದ್ದು, ಒಬ್ಬಾತ ಪ್ರಾಣ ಉಳಿಸಿಕೊಳ್ಳಲು ನಾಲ್ಕನೆಯ ಮಹಡಿಯಿಂದ ಧುಮುಕಿದ ಮೇಲೆ, ನಗರದ ಮೇಲ್ಛಾವಣಿ ಹೋಟೆಲುಗಳನ್ನೆಲ್ಲ ಪರಿಶೀಲಿಸಲು ಸಿಬ್ಬಂದಿ ಸಿಕ್ಕಿದ್ದರಲ್ಲವೇ?

ಗಾಜಿನ ಗೋಪುರಗಳನ್ನು ಬಿಟ್ಟು ಹಳೆಯ ಪೇಟೆಗಳತ್ತ ಬಂದರೆ ಈ ಚರ್ಚೆಯೇ ದುಬಾರಿ ಎನಿಸೀತು. 2025ರ ಆಗಸ್ಟಿನಲ್ಲಿ ನಗರ್ತಪೇಟೆಯಲ್ಲಿ ಸರಕು ದಾಸ್ತಾನು ಮತ್ತು ಸಂಸಾರ ಒಂದೇ ಕಟ್ಟಡದಲ್ಲಿದ್ದ ಕಡೆ ಬೆಂಕಿ ಬಿದ್ದು ಐವರು ಸತ್ತರು. ಒಂದೇ ಕುಟುಂಬದ ಪುಟ್ಟ ಮಕ್ಕಳೂ ಅವರಲ್ಲಿದ್ದರು. ಅಗ್ನಿಶಾಮಕ ವಾಹನ ತಿರುಗಲಾರದ ಓಣಿಗಳವು. ಅಲ್ಲಿನ ಸಣ್ಣ ವ್ಯಾಪಾರಿಯಿಂದ ಡೀಸೆಲ್ ಪಂಪು ನಿರೀಕ್ಷಿಸುವುದು ಅವಾಸ್ತವ. ಆದರೆ ಮೆಟ್ಟಿಲ ಮೇಲೆ ಸರಕು ಇಡದಿರಲು, ಹಳೆಯ ತಂತಿ ಬದಲಿಸಲು, ರಾತ್ರಿ ಹೊರಗಿನಿಂದ ಕಬ್ಬಿಣದ ಷಟರ್ ಎಳೆದು ಬೀಗ ಹಾಕುವ ಮುನ್ನ ಒಳಗೆ ಮಲಗಿದವರಿಗೆ ಬೇರೆ ದಾರಿಯಿದೆಯೇ ನೋಡಲು ದೊಡ್ಡ ಬಂಡವಾಳ ಬೇಡ. ವರ್ತಕರ ಸಂಘಗಳು ಬೀದಿ ಬೀದಿಯ ಲೆಕ್ಕದಲ್ಲಿ ಇದನ್ನು ಕೈಗೆತ್ತಿಕೊಂಡರೆ ಇಲಾಖೆಗಿಂತ ಬೇಗ ಮಾಡಿಯಾವು.

ದೊಡ್ಡ ಕಟ್ಟಡಗಳಲ್ಲಿ ಸಿದ್ಧತೆಯ ಸಭೆಗೆ ಕರೆಯದೆ ಬಿಡುವ ಒಬ್ಬ ವ್ಯಕ್ತಿಯಿದ್ದಾನೆ, ರಾತ್ರಿ ಪಾಳಿಯ ಕಾವಲುಗಾರ. ತಾರಸಿಯ ಬಾಗಿಲಿಗೆ ಎಂದಿನಿಂದ ಬೀಗವಿದೆ, ಕೀಲಿ ಯಾರ ಮೇಜಿನ ಡ್ರಾಯರಿನಲ್ಲಿದೆ, ಯಾವ ಮಹಡಿಯ ಗಂಟೆ ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತದೆ, ತಪಾಸಣೆಯ ಮುನ್ನಾದಿನ ಪೆಟ್ಟಿಗೆಗಳು ಎಲ್ಲಿಗೆ ಹೋದವು, ಎಲ್ಲವೂ ಅವನಿಗೆ ಗೊತ್ತು. ಗುತ್ತಿಗೆಯ ನೌಕರನಾದ ಅವನನ್ನು ಯಾರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ತಪಾಸಣಾ ವರದಿ ಮಾಲೀಕರ ಕಡತದಲ್ಲಿ ಭದ್ರವಾಗಿ ಕುಳಿತಿರುವುದರಿಂದ ಅದರಲ್ಲಿ ಏನಿದೆಯೆಂಬುದು ಅವನಿಗಾಗಲೀ, ಮಹಡಿ ಬಾಡಿಗೆಗೆ ಹಿಡಿದ ಸಂಸ್ಥೆಗಾಗಲೀ ತಿಳಿಯುವ ಬಗೆಯಿಲ್ಲ. ಲಿಫ್ಟಿನ ಒಳಗೆ ಎಷ್ಟು ಮಂದಿ ಏರಬಹುದೆಂದು ಬರೆದು ಹಾಕುವ ನಾವು, ಪತ್ತೆಯಾದ ಲೋಪಗಳೇನು, ಅವನ್ನು ಸರಿಪಡಿಸಲು ಕೊಟ್ಟ ಕೊನೆಯ ದಿನಾಂಕ ಯಾವುದು ಎಂಬ ಒಂದು ಹಾಳೆಯನ್ನು ಆ ಲಿಫ್ಟಿನ ಪಕ್ಕದ ಗೋಡೆಗೆ ಅಂಟಿಸಲು ಕಾನೂನಿನಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಆ ಹಾಳೆ ಕನ್ನಡದಲ್ಲೂ ಇರಲಿ, ಕಾವಲುಗಾರನಿಗೆ ಓದಲು ಬರುವಷ್ಟು ದಪ್ಪ ಅಕ್ಷರಗಳಲ್ಲಿ.