ಮೂಗಿನ ಸಾಕ್ಷ್ಯ

ಪಾನನಿರೋಧವು ಹಿತವೋ ಅಹಿತವೋ ಎಂಬ ವಾಗ್ವಾದದ ನಡುವೆ ಅದರಡಿಯಲ್ಲಿ ಶಿಕ್ಷೆಗೊಳಗಾದವನನ್ನು ನಾವು ಮರೆತೇಬಿಡುತ್ತೇವೆ. ಕುಡಿದವನೆಂದೊಡನೆ ಅವನ ಪರವಾಗಿ ಒಂದು ಮಾತಾಡಲು ಸಭ್ಯರು ಅಳುಕುವರು. ನ್ಯಾಯಾಲಯವೂ ಅಳುಕಿದರೆ ಅವನ ಗತಿಯೇನು?

ಬೊಂಬಾಯಿಯ 1949ರ ಪಾನನಿರೋಧ ಕಾಯಿದೆ ಅಂದು ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಕನ್ನಡಿಗರನ್ನೂ ಆಳುತ್ತಿತ್ತು. ಅದರ 66ನೆಯ ಕಲಮು ಮದ್ಯ ಕುಡಿದವನನ್ನೂ ಇಟ್ಟುಕೊಂಡವನನ್ನೂ ಸಾಗಿಸಿದವನನ್ನೂ ಒಂದೇ ಹಗ್ಗದಲ್ಲಿ ಬಿಗಿದಿತ್ತು. ಮದ್ಯಸಾರವುಳ್ಳ ಔಷಧವೂ ಆ ಹಗ್ಗಕ್ಕೆ ಹೊರತಾಗಿರಲಿಲ್ಲ. 1951ರ ಮೇ 25ರಂದು ಬಲ್ಸಾರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಯಿದೆಯ ಬಹುಭಾಗವನ್ನು ಎತ್ತಿಹಿಡಿದರೂ, ಇಂಥ ಔಷಧ ಮತ್ತು ಪ್ರಸಾಧನ ದ್ರವ್ಯಗಳ ಮೇಲಿನ ನಿರ್ಬಂಧವನ್ನು ಅಸಿಂಧುವೆಂದು ಸಾರಿತು.

ನಾಲ್ಕೇ ದಿನಗಳ ತರುವಾಯ, ಮೇ 29ರಂದು, ಬೊಂಬಾಯಿಯ ಸಾರಿಗೆ ಅಧಿಕಾರಿ ಪೇಸಿಕಾಕರ ಜೀಪು ಮೂವರಿಗೆ ತಾಗಿತು. ಅವರ ಬಾಯಲ್ಲಿ ಮದ್ಯದ ವಾಸನೆಯಿತ್ತು. ತಾವು ಸೇವಿಸಿದ್ದು ಔಷಧವೆಂದರು. ಮ್ಯಾಜಿಸ್ಟ್ರೇಟರು ಬಿಡುಗಡೆ ಮಾಡಿದರು. ಸರ್ಕಾರ ಅಪೀಲು ಹೋಗಲು, ಉಚ್ಚ ನ್ಯಾಯಾಲಯವು ಒಂದು ತಿಂಗಳ ಕಠಿಣ ಸಜೆಯನ್ನೂ 500 ರೂಪಾಯಿ ದಂಡವನ್ನೂ ವಿಧಿಸಿತು. ಅಲ್ಲಿಂದ ವ್ಯಾಜ್ಯ ದೆಹಲಿಗೆ ಏರಿತು.

ವಾಸನೆಯೇನೋ ನಿಜ, ಆದರೆ ಅದು ಬಂದದ್ದು ಸೀಸೆಯ ಔಷಧದಿಂದಲೋ ನಿಷಿದ್ಧ ಮದ್ಯದಿಂದಲೋ? ಇದನ್ನು ಸಿದ್ಧಪಡಿಸಬೇಕಾದವರು ಯಾರು? ಔಷಧವೆಂದು ಆರೋಪಿಯೇ ತೋರಿಸಬೇಕೆಂಬುದು ನ್ಯಾಯಮೂರ್ತಿ ಎಸ್. ಆರ್. ದಾಸರ ಭಿನ್ನಮತ. ಬಹುಮತವು 1954ರಲ್ಲಿ ಬೇರೆಯಾಗಿ ಹೇಳಿತು: ಸೇವಿಸಿದ್ದು ನಿಷಿದ್ಧ ಮದ್ಯವೇ ಎಂದು ಸ್ಥಾಪಿಸುವ ಹೊಣೆ ಫಿರ್ಯಾದಿ ಪಕ್ಷದ್ದು. ಶಿಕ್ಷೆ ರದ್ದಾಯಿತು.

ಹೀಗಾದರೆ ಪ್ರತಿಯೊಬ್ಬ ಕುಡುಕನೂ ಜೇಬಿನಲ್ಲೊಂದು ಟಾನಿಕ್ ಸೀಸೆ ಇಟ್ಟುಕೊಂಡು ಪಾರಾಗುವನೆಂಬ ಆಕ್ಷೇಪ ಹಗುರಾದದ್ದಲ್ಲ. 1959ರ ತಿದ್ದುಪಡಿ ಅದಕ್ಕೇ ಬಂದಿತು: ರಕ್ತದಲ್ಲಿ ಮದ್ಯಸಾರ ಶೇಕಡಾ 0.05ಕ್ಕೆ ಕಡಿಮೆಯಿಲ್ಲದಿದ್ದರೆ, ಔಷಧವೆಂದು ತೋರಿಸುವ ಭಾರ ಆರೋಪಿಗೇ. ಮೂಗಿನ ಬದಲು ಅಳತೆ ಬಂದದ್ದನ್ನು ನಾವು ಒಪ್ಪುತ್ತೇವೆ. ಭಾರವೂ ಜೊತೆಗೇ ಹೆಗಲು ಬದಲಿಸಿದ್ದು ನಮಗೆ ರುಚಿಸದು. ಬಹುಮತದ ತೀರ್ಪು ಕೊಟ್ಟದ್ದನ್ನು ಶಾಸನಸಭೆ ಐದೇ ವರ್ಷಗಳಲ್ಲಿ ಅರ್ಧದಷ್ಟು ಹಿಂತೆಗೆದುಕೊಂಡಿತೆನ್ನಬೇಕು.

ಪೇಸಿಕಾಕರು ಅಧಿಕಾರಿಗಳು, ದೆಹಲಿಯವರೆಗೆ ಹೋರಾಡಬಲ್ಲವರು. ಆ ಹಳೆಯ ಕಾಯಿದೆಯನ್ನು ಇಂದಿಗೂ ಉಳಿಸಿಕೊಂಡಿರುವ ಗುಜರಾತಿನಲ್ಲಿ, ಗುಡಿಸಲಿನ ಮೂಲೆಯಲ್ಲಿ ಸಿಕ್ಕ ಸೀಸೆಗಾಗಿ ಶಿಕ್ಷೆಗೊಳಗಾಗುವ ಕೂಲಿಯವನಿಗೂ ಅಪೀಲಿನ ಹಕ್ಕಿದೆ. ಸೆಷನ್ಸ್ ನ್ಯಾಯಾಲಯಕ್ಕೆ ಹೋಗಲು ಅವನಿಗೆ ಕಾನೂನು ಕೊಟ್ಟಿರುವ ಅವಧಿ 30 ದಿನ. ವಕೀಲರೊಬ್ಬರನ್ನು ಹುಡುಕುವುದರಲ್ಲಿಯೇ ಅವು ಕಳೆದುಹೋಗಬಹುದು.