ಬಗ್ಗಿಸುವ ಮುನ್ನ ಬರೆದುಕೊಡಿ

ಮಂಗಳೂರು ಎಂದೊಡನೆ ಹೆಂಚು ನೆನಪಾಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಕಡಲ ತೀರದ ಆ ಊರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಒಂದೇ ಅಚ್ಚು, ಒಂದೇ ಅಳತೆ. ಒಂದು ಹೆಂಚು ಒಡೆದರೆ ಅಂಥದೇ ಇನ್ನೊಂದನ್ನು ತಂದು ಹೊದಿಸಿದರಾಯಿತು. ಕೊಪ್ಪಳ ಜಿಲ್ಲೆಯ ಕುಕನೂರು ಸೀಮೆಯಲ್ಲೂ ಒಂದು ಮಂಗಳೂರು ಇದೆ. ಈ ಕಡೆ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಈಗಿನವು ಸಿಮೆಂಟಿನ ಸ್ಲ್ಯಾಬಿನವು. ಸ್ಲ್ಯಾಬಿನ ಮೇಲಿನ ಪ್ಯಾರಪೆಟ್ ಗೋಡೆಗೆ ಹೊದಿಸುವ ತಗಡಿನ ಟೊಪ್ಪಿಗೆ, ಪತ್ರಾಸಿನ ಅಂಚಿಗೆ ಕಟ್ಟುವ ಮಳೆನೀರಿನ ದೋಣಿ, ಅಂಗಡಿಯ ಮುಂಭಾಗದ ಪಟ್ಟಿ ಇವನ್ನು ಅಲ್ಯೂಮಿನಿಯಂ ತಗಡು ಬಗ್ಗಿಸಿ ಮಾಡಿಸುವುದುಂಟು. ಇವು ಹೆಂಚಿನ ಹಾಗಲ್ಲ. ಪ್ರತಿಯೊಂದೂ ಅದೇ ಗೋಡೆಗೆ, ಅದೇ ಅಳತೆಗೆ ಆಗಬೇಕು. ಆದ್ದರಿಂದ ತಪ್ಪಿಗೂ ಇಲ್ಲಿ ಜಾಗ ಹೆಚ್ಚು.

ಮನೆ ಕಟ್ಟಿಸುವವರು ಸಾಮಾನ್ಯವಾಗಿ ಮಾಡುವುದೇನು? ಬೆಂಡಿಂಗ್ ಮಷಿನ್ ಇರುವ ಕಾರ್ಖಾನೆಗೆ ಫೋನು ಮಾಡಿ, "ಐದೂವರೆ ಇಂಚಿನ ಗೋಡೆಗೆ ಒಂದು ಟೊಪ್ಪಿಗೆ ಮಾಡಿಕೊಡ್ರಿ" ಎಂದು ಹೇಳಿಬಿಡುತ್ತಾರೆ. ಬಂದ ಮಾಲು ಗೋಡೆಗೆ ಕೂರುವುದಿಲ್ಲ. ಬಡಿದು ನೇರ ಮಾಡಿ ಮತ್ತೆ ಬಗ್ಗಿಸಿದರಾಗದೇ ಎಂದರೆ, ಆಗದು. ಲೋಹವನ್ನು ಬಗ್ಗಿಸಿದಾಗ ಆ ಗೆರೆಯಲ್ಲಿ ಅದರ ಹರಳುಗಳು ಸರಿದು, ಒಂದಕ್ಕೊಂದು ಸಿಕ್ಕಿಕೊಂಡು ಗಡುಸಾಗುತ್ತವೆ. ಎರಡನೆಯ ಸಲ ಅದೇ ಗೆರೆಯಲ್ಲಿ ಬಗ್ಗಿಸಿದರೆ ಬಿರುಕು ಬರುತ್ತದೆ. ಅಕ್ಕಸಾಲಿಗರು ಬಂಗಾರವನ್ನು ಬಡಿಯುತ್ತ ನಡುನಡುವೆ ಕಾಯಿಸುವುದು ಈ ಗಡಸುತನ ಕಳೆಯಲೆಂದೇ. ಬಣ್ಣ ಹಚ್ಚಿದ ಹತ್ತಡಿ ತಗಡನ್ನು ಹಾಗೆ ಕಾಯಿಸುವಂತಿಲ್ಲ. ಹಣ ಹೋದಂತೆಯೇ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ತಗಡಿಗೂ ಸಲ್ಲುತ್ತದೆ. ಅಲ್ಯೂಮಿನಿಯಂ ಎಂದರೆ ಒಂದೇ ಲೋಹವಲ್ಲ. ಬೆರಕೆಗೆ ತಕ್ಕಂತೆ ಹಲವು ಜಾತಿ. 3003 ಮತ್ತು 5052 ಎಂಬ ಸಂಖ್ಯೆಯವು ಸುಲಭವಾಗಿ ಬಾಗುತ್ತವೆ. 6061 ಟಿ6 ಎಂಬುದು ಗಟ್ಟಿ. ಕಿರಿದಾಗಿ ಮಡಿಸಿದರೆ ಮೂಲೆಯಲ್ಲಿ ಸೀಳುತ್ತದೆ. ಗಟ್ಟಿ ಇದ್ದದ್ದೇ ಒಳ್ಳೆಯದೆಂದು ಟೊಪ್ಪಿಗೆಗೆ ಅದನ್ನು ಕೇಳಬಾರದು.

ದಪ್ಪವನ್ನು ಗೇಜಿನಲ್ಲಿ ಹೇಳುವ ರೂಢಿಯೂ ಮೋಸದ್ದು. 16 ಗೇಜ್ ಎಂದರೆ ಬ್ರಿಟಿಷ್ ಲೆಕ್ಕದಲ್ಲಿ 1.63 ಮಿ.ಮೀ., ಅಮೆರಿಕದ ಲೆಕ್ಕದಲ್ಲಿ 1.29 ಮಿ.ಮೀ. ಮಿಲಿಮೀಟರಿನಲ್ಲೇ ಬರೆಯಬೇಕು. ಆಗ ತೂಕವನ್ನೂ ತಾಳೆ ನೋಡಬಹುದು. 1.5 ಮಿ.ಮೀ. ದಪ್ಪದ ತಗಡು ಒಂದು ಚದರ ಮೀಟರಿಗೆ ಸುಮಾರು 4 ಕಿಲೊ ತೂಗುತ್ತದೆ; ಅಷ್ಟೇ ದಪ್ಪದ ಉಕ್ಕಾದರೆ ಸುಮಾರು 12 ಕಿಲೊ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಒಳಅಳತೆ, ಹೊರಅಳತೆಗಳ ಗೊಂದಲದಿಂದ. ಗಿಲಾವು ಸೇರಿ ಗೋಡೆ 140 ಮಿ.ಮೀ. ಇದೆ ಎನ್ನಿ. ಚಿತ್ರದಲ್ಲಿ ಬರೇ 140 ಎಂದು ಬರೆದರೆ ಕೆಲಸಗಾರ ಅದನ್ನು ಹೊರಅಳತೆಯೆಂದು ಹಿಡಿಯಬಹುದು. 1.5 ಮಿ.ಮೀ. ತಗಡಾದರೆ ಎರಡು ಬದಿ ಕಳೆದು ಒಳಗೆ ಉಳಿಯುವುದು 137. ಟೊಪ್ಪಿಗೆ ಗೋಡೆಗೆ ಇಳಿಯುವುದೇ ಇಲ್ಲ. ಗೋಡೆಯನ್ನು ನಾಲ್ಕಾರು ಕಡೆ ಅಳೆದು, ಅತಿ ಅಗಲವಾದದ್ದನ್ನು ಹಿಡಿದು, 2-3 ಮಿ.ಮೀ. ಸಡಿಲ ಕೂಡಿಸಿ, "ಒಳಅಳತೆ" ಎಂದು ಸ್ಪಷ್ಟವಾಗಿ ಬರೆಯಬೇಕು.

ತಗಡನ್ನು ತಾವೇ ಕತ್ತರಿಸಿ ಕೊಡುವವರೂ ಉಂಟು. 50 ಮಿ.ಮೀ. ಹೊರಅಳತೆಯ ಎರಡು ಬದಿಗಳ ಮೂಲೆಪಟ್ಟಿಗೆ 100 ಮಿ.ಮೀ. ಬೇಕೆಂಬುದು ಅವರ ಲೆಕ್ಕ. ಆದರೆ ಮೂಲೆ ಚೂಪಾಗಿರುವುದಿಲ್ಲ, ದುಂಡಾಗಿ ತಿರುಗುತ್ತದೆ. 1.5 ಮಿ.ಮೀ. ತಗಡನ್ನು ಒಳಗೆ ಅಷ್ಟೇ ತ್ರಿಜ್ಯದಲ್ಲಿ ಬಗ್ಗಿಸಿದರೆ ಬೇಕಾಗುವುದು ಸುಮಾರು 97ರಿಂದ 97.5 ಮಿ.ಮೀ. ಮಾತ್ರ. ಅಲ್ಲದೆ ಅಲ್ಯೂಮಿನಿಯಂ ಒತ್ತಡ ಬಿಟ್ಟೊಡನೆ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. 90 ಡಿಗ್ರಿ ಬೇಕಾದರೆ ಅದಕ್ಕಿಂತ ಒಂದೆರಡು ಡಿಗ್ರಿ ಹೆಚ್ಚೇ ಮಡಿಸಬೇಕು. ಈ ಲೆಕ್ಕವನ್ನು ಮಷಿನ್ ನಡೆಸುವವರಿಗೇ ಬಿಟ್ಟು, ಮುಗಿದ ಅಳತೆಯನ್ನಷ್ಟೇ ಕೊಡುವುದು ಲೇಸು. ನೀರು ಗೋಡೆಗೆ ಅಂಟದಂತೆ ತುದಿಯನ್ನು ಹೊರಕ್ಕೆ ಮಡಿಸುವುದಾದರೆ ಆ ಮಡಿಕೆ 10 ಮಿ.ಮೀ.ಗಿಂತ ಕಡಿಮೆ ಬೇಡ. ತೀರ ಸಣ್ಣದು ಮಷಿನಿನ ಅಚ್ಚಿನೊಳಕ್ಕೆ ಜಾರುತ್ತದೆ. ಬಣ್ಣದ ಮೈ ಒಳಗೋ ಹೊರಗೋ ಎಂಬುದನ್ನೂ ಬಾಣದ ಗುರುತು ಹಾಕಿ ತೋರಿಸಬೇಕು.

ಇನ್ನು ನಮ್ಮ ಬಿಸಿಲು. ಮುಂಜಾನೆ 15 ಡಿಗ್ರಿಗೆ ತಣಿದಿರುವ ಗಾಢ ಬಣ್ಣದ ತಗಡು ಬೇಸಗೆಯ ಮಧ್ಯಾಹ್ನ 65 ಡಿಗ್ರಿಗೂ ಏರಬಹುದು. ಇಷ್ಟು ವ್ಯತ್ಯಾಸಕ್ಕೆ 3 ಮೀಟರ್ ಅಲ್ಯೂಮಿನಿಯಂ ಸುಮಾರು ಮೂರೂವರೆ ಮಿ.ಮೀ. ಹಿಗ್ಗುತ್ತದೆ, ಉಕ್ಕಿನ ಸುಮಾರು ಎರಡರಷ್ಟು. ಸ್ಕ್ರೂಗಳಿಗೆ ಗುಂಡು ತೂತಿನ ಬದಲು ಉದ್ದ ತೂತು ಹೇಳಬೇಕು. ಜೋಡಣೆಯಲ್ಲಿ ತೆರಪು ಬಿಡಬೇಕು. ಇಲ್ಲದಿದ್ದರೆ ತಗಡು ಉಬ್ಬಿ ಅಲೆಯಾಗುತ್ತದೆ. ಹಸಿ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಗಿಲಾವು ಪೂರ್ತಿ ಒಣಗಿದ ಮೇಲೇ ಹೊದಿಸುವುದು ಕ್ಷೇಮ.

ದೊಡ್ಡ ನಕ್ಷೆಯೇನೂ ಬೇಡ. ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಟೊಪ್ಪಿಗೆಯ ಅಡ್ಡಸೀಳಿನ ಚಿತ್ರ ಬರೆದು, ಲೋಹದ ಜಾತಿ, ದಪ್ಪ, ಅಳತೆ, ಕೋನ, ಉದ್ದ, ಎಷ್ಟು ತುಂಡು ಎಂಬುದನ್ನು ತುಂಬಿದರೆ ಸಾಕು. ಮಷಿನ್ ಎಷ್ಟು ಉದ್ದದ ತಗಡು ಬಗ್ಗಿಸೀತು ಎಂದು ಮೊದಲೇ ಕೇಳಬೇಕು. ಹಾಳೆಯ ಎರಡು ಪ್ರತಿ ಮಾಡಿ ಎರಡೂ ಕಡೆಯವರು ಸಹಿ ಹಾಕಿದರೆ, ನಾಳೆ ತಪ್ಪು ಯಾರದೆಂಬ ಜಗಳ ಇರದು. ಅದಕ್ಕೂ ಮುನ್ನ ಅದೇ ಅಳತೆಗೆ ಒಂದು ರಟ್ಟನ್ನು ಮಡಿಸಿ ಗೋಡೆಯ ಮೇಲೆ ಇಟ್ಟು ನೋಡಬೇಕು. ರಟ್ಟು ಕೂರದಿದ್ದರೆ ಇನ್ನೊಂದು ರಟ್ಟು ಮಡಿಸಬಹುದು. ಅದು ಸರಿಯಾಗಿ ಕೂತ ಮೇಲೆಯೇ ತಗಡಿಗೆ ಮುಂಗಡ ಕೊಡುವುದು ಜಾಣತನ.